ಬೆಳೆಯದ ಹಾಗೆ ಹರಳು ಬೆಳೆಸುವುದು: ನ್ಯಾನೊ ಜಿಯೊಲೈಟ್ ಮಾಡುವ, ಅಳೆಯುವ ಕೆಲಸ

2021ರ ಮೇ ತಿಂಗಳು ನೆನಪಿದೆಯಲ್ಲ? ಆಕ್ಸಿಜನ್‌ಗಾಗಿ ಊರೂರಲ್ಲಿ ಜನ ಪರದಾಡುತ್ತಿದ್ದ ಕಾಲ. ಆಗ ರೋಮ್‌ನಿಂದ ಬೆಂಗಳೂರಿಗೆ ಬಂದ ಏರ್ ಇಂಡಿಯಾ ವಿಮಾನಗಳಲ್ಲಿ ಇದ್ದದ್ದು ಔಷಧವೂ ಅಲ್ಲ, ಸಿಲಿಂಡರೂ ಅಲ್ಲ. ಟನ್‌ಗಟ್ಟಲೆ ಜಿಯೊಲೈಟ್. ನೋಡಲು ಮಾಸಿದ ಸಬ್ಬಕ್ಕಿಯ ಥರ ಇರುವ ಕಾಳುಗಳು. ಡಿಆರ್‌ಡಿಒ ರೂಪಿಸಿದ ಆಕ್ಸಿಜನ್ ಘಟಕಗಳಿಗೆ ಅವು ಬೇಕಿದ್ದವು. ತೇಜಸ್ ಯುದ್ಧವಿಮಾನದ ಪೈಲಟ್‌ಗೆ ಹಾರುವಾಗಲೇ ಆಕ್ಸಿಜನ್ ಒದಗಿಸಲು ಬೆಂಗಳೂರಿನಲ್ಲಿ ನಡೆದಿದ್ದ ಕೆಲಸವೇ ಆ ಘಟಕಗಳ ಮೂಲ.

ಗಾಳಿಯನ್ನು ಒತ್ತಿ ಈ ಕಾಳುಗಳ ನಡುವೆ ಹಾಯಿಸಿದರೆ ಸಾರಜನಕ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಆಕ್ಸಿಜನ್ ಮುಂದೆ ಹೋಗುತ್ತದೆ. ಆಚೆ ಬದಿಯಲ್ಲಿ ಸುಮಾರು 93% ಆಕ್ಸಿಜನ್ ಇರುವ ಗಾಳಿ ಸಿಗುತ್ತದೆ. ಒತ್ತಡ ಇಳಿಸಿದರೆ ಸಾರಜನಕ ಬಿಟ್ಟು ಹೋಗುತ್ತದೆ, ಕಾಳು ಮತ್ತೆ ರೆಡಿ. ಇದನ್ನು 'ಅಣುಗಳ ಜರಡಿ' ಅಂತ ಕರೆಯುತ್ತಾರೆ. ಆದರೆ ಈ ಕೆಲಸದ ಮಟ್ಟಿಗೆ ಆ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಎರಡೂ ಅಣುಗಳು ತೂತಿನೊಳಗೆ ಆರಾಮಾಗಿ ಹೋಗುತ್ತವೆ. ಒಳಗಿರುವ ಲೋಹದ ಅಯಾನುಗಳು ಸಾರಜನಕವನ್ನು ಜಾಸ್ತಿ ಸೆಳೆಯುತ್ತವೆ, ಅಷ್ಟೇ.

ಆ ಕಾಳುಗಳು ನ್ಯಾನೊ ಅಲ್ಲ. ಅವುಗಳೊಳಗೆ ಅಂಟಿನಿಂದ ಹಿಡಿದಿಟ್ಟ ಹರಳುಗಳು ಒಂದೋ ಎರಡೋ ಮೈಕ್ರಾನ್ ಗಾತ್ರದವು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ, ನ್ಯಾನೊಮೀಟರ್ ಎಂದರೆ ಅದರಲ್ಲೂ ಸಾವಿರದಲ್ಲೊಂದು. ಅದೇ ಹರಳನ್ನು 50 ನ್ಯಾನೊಮೀಟರಿಗೆ ಇಳಿಸುವುದು ಹೇಗೆ, ಇಳಿಸಿದ್ದೇವೆ ಎಂದು ಗೊತ್ತಾಗುವುದು ಹೇಗೆ? ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ತಲೆನೋವಿನದು. ಅಲ್ಲಿಗೆ ಆಮೇಲೆ ಬರೋಣ.

ಕುದಿಯುವ ಕಲ್ಲು

1756ರಲ್ಲಿ ಸ್ವೀಡನ್‌ನ ಖನಿಜ ತಜ್ಞ ಆಕ್ಸೆಲ್ ಕ್ರೋನ್‌ಸ್ಟೆಟ್ ಒಂದು ಕಲ್ಲನ್ನು ಜೋರಾಗಿ ಕಾಯಿಸಿ ನೋಡಿದ. ಕಲ್ಲು ಆವಿ ಬಿಡುತ್ತಾ ನೊರೆನೊರೆಯಾಗಿ ಉಬ್ಬಿತು. ಗ್ರೀಕ್ ಪದಗಳನ್ನು ಜೋಡಿಸಿ 'ಕುದಿಯುವ ಕಲ್ಲು' ಎಂಬ ಅರ್ಥದಲ್ಲಿ ಜಿಯೊಲೈಟ್ ಅಂತ ಹೆಸರಿಟ್ಟ. ಜ್ವಾಲಾಮುಖಿಯ ಕಲ್ಲಿನ ಪೊಳ್ಳುಗಳಲ್ಲಿ ಇಂಥ ಹರಳುಗಳು ಬೆಳೆಯುತ್ತವೆ. ಪುಣೆ, ನಾಸಿಕ್ ಸುತ್ತಲಿನ ಕಲ್ಲುಗಣಿಗಳ ಜಿಯೊಲೈಟ್‌ಗಳು ಲೋಕಪ್ರಸಿದ್ಧ. ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿ, ಬೀದರ್ ಕಡೆಯ ಕರಿಕಲ್ಲು ಅದೇ ಲಾವಾ ಹಾಸಿನ ದಕ್ಷಿಣದ ಅಂಚು.

ಒಳಗಿನ ಕಟ್ಟಡ ಸರಳ. ಒಂದು ಸಿಲಿಕಾನ್, ಅದರ ಸುತ್ತ ನಾಲ್ಕು ಆಕ್ಸಿಜನ್. ಪ್ರತಿ ಆಕ್ಸಿಜನ್ನೂ ಪಕ್ಕದ ಸಿಲಿಕಾನ್ ಜೊತೆ ಹಂಚಿಕೆ. ಹೀಗೆ ಮೂಲೆಗೆ ಮೂಲೆ ಸೇರಿ ಉಂಗುರ, ಉಂಗುರಗಳು ಸೇರಿ ಗೂಡು, ಗೂಡುಗಳು ಸೇರಿ ಓಣಿ. ಮರಳಿನಲ್ಲೂ ಇವೇ ಪರಮಾಣುಗಳು ಇರುತ್ತವೆ, ಆದರೆ ಒತ್ತೊತ್ತಾಗಿ. ಇಲ್ಲಿ ಖಾಲಿ ಜಾಗ ಬಿಟ್ಟು ಕಟ್ಟಿದ್ದಾರೆ. ಆ ಓಣಿಯ ಬಾಯಿ ಎಷ್ಟು ಅಗಲ ಎನ್ನುವುದರಲ್ಲೇ ಎಲ್ಲ ಇದೆ. ಎ ಮಾದರಿಯ ಸೋಡಿಯಂ ಜಿಯೊಲೈಟ್‌ನಲ್ಲಿ ಸುಮಾರು 0.4 ನ್ಯಾನೊಮೀಟರ್, ವೈ ಮಾದರಿಯಲ್ಲಿ 0.74. ಇಂಥ ಬೇರೆ ಬೇರೆ ನಕ್ಷೆಗಳು 250ಕ್ಕೂ ಜಾಸ್ತಿ ಇವೆ.

ಕೆಲವು ಸಿಲಿಕಾನ್‌ಗಳ ಜಾಗದಲ್ಲಿ ಅಲ್ಯೂಮಿನಿಯಂ ಕೂತರೆ ಚೌಕಟ್ಟಿಗೆ ಒಂದೊಂದು ಋಣ ಚಾರ್ಜ್ ಬರುತ್ತದೆ. ಅದನ್ನು ಸರಿದೂಗಿಸಲು ಸೋಡಿಯಂನಂಥ ಅಯಾನುಗಳು ಓಣಿಯೊಳಗೆ ಬಂದು ಕೂರುತ್ತವೆ. ಇವು ಬಾಡಿಗೆದಾರರು, ಸುಲಭವಾಗಿ ಜಾಗ ಬದಲಿಸುತ್ತವೆ. ಗಡಸು ನೀರಿನ ಕ್ಯಾಲ್ಸಿಯಂ ಒಳಗೆ ಹೋಗಿ ಸೋಡಿಯಂ ಹೊರಗೆ ಬಂದರೆ ನೀರು ಮೆದುವಾಗುತ್ತದೆ. ಬಟ್ಟೆ ಪೌಡರ್‌ಗಳಲ್ಲಿ ಜಿಯೊಲೈಟ್ ಇರುವುದು ಈ ಕೆಲಸಕ್ಕೇ.

ಇದನ್ನು ಗಣಿಯಿಂದ ತೆಗೆಯುವ ಬದಲು ಪಾತ್ರೆಯಲ್ಲೇ ಮಾಡಬಹುದು ಎಂದು 1940ರ ದಶಕದಲ್ಲಿ ಬ್ರಿಟನ್ನಿನ ರಿಚರ್ಡ್ ಬ್ಯಾರರ್, ಅಮೆರಿಕದ ಯೂನಿಯನ್ ಕಾರ್ಬೈಡ್‌ನಲ್ಲಿದ್ದ ರಾಬರ್ಟ್ ಮಿಲ್ಟನ್ ತೋರಿಸಿಕೊಟ್ಟರು. ಪೆಟ್ರೋಲ್ ಮಾಡುವ ಕಾರ್ಖಾನೆಗಳು 1960ರ ದಶಕದಿಂದ ಇದರ ಮೇಲೇ ನಿಂತಿವೆ.

ಪುಟ್ಟದಾದರೆ ಏನು ಲಾಭ?

ಓಣಿ ಕಿರಿದು, ಅಣು ಹೆಚ್ಚುಕಡಿಮೆ ಅಷ್ಟೇ ದಪ್ಪ. ಒಳಗೆ ಹೋದ ಅಣು ತೆವಳಿಕೊಂಡು ಹೋಗಬೇಕು. ತೆವಳಲು ಬೇಕಾಗುವ ಸಮಯ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಒಂದು ಮೈಕ್ರಾನ್ ಹರಳನ್ನು 50 ನ್ಯಾನೊಮೀಟರಿಗೆ ಇಳಿಸಿದರೆ ದೂರ 20 ಪಟ್ಟು ಕಡಿಮೆ, ಸಮಯ 400 ಪಟ್ಟು ಕಡಿಮೆ. ದೊಡ್ಡ ಹರಳಿನ ನಡುಮಧ್ಯಕ್ಕೆ ಎಷ್ಟೋ ಸಲ ಯಾರೂ ತಲುಪುವುದೇ ಇಲ್ಲ. ಓಣಿಯ ಬಾಯಲ್ಲೇ ಮಸಿ ಕಟ್ಟಿಕೊಂಡು ದಾರಿ ಮುಚ್ಚುತ್ತದೆ.

ಇನ್ನೊಂದು ಲೆಕ್ಕ ನನಗೆ ತುಂಬಾ ಇಷ್ಟ. ವೈ ಜಿಯೊಲೈಟ್‌ನ ಮತ್ತೆ ಮತ್ತೆ ಬರುವ ಒಂದು ಘಟಕದ ಅಂಚು ಸುಮಾರು 2.5 ನ್ಯಾನೊಮೀಟರ್. 10 ನ್ಯಾನೊಮೀಟರ್ ಅಂಚಿನ ಘನಾಕಾರದ ಹರಳು ತಗೊಳ್ಳಿ. ಒಂದೊಂದು ಬದಿಗೆ ನಾಲ್ಕು ಘಟಕ, ಒಟ್ಟು 64. ಅದರಲ್ಲಿ ಪೂರ್ತಿ ಒಳಗೆ ಅಡಗಿರುವುದು ಎಷ್ಟು? ಎಂಟೇ ಎಂಟು. ಉಳಿದ 56 ಹೊರಮೈಯಲ್ಲೇ ಇವೆ. ಒಂದು ಮೈಕ್ರಾನ್ ಹರಳಿನಲ್ಲಿ ಹೊರಮೈಯ ಪಾಲು ನೂರಕ್ಕೆ ಒಂದೂವರೆ ಮಾತ್ರ. ಅಂದರೆ ನ್ಯಾನೊ ಜಿಯೊಲೈಟ್ ಬರೀ ಸಣ್ಣ ಜಿಯೊಲೈಟ್ ಅಲ್ಲ, ಗೋಡೆಗಿಂತ ಜಗಲಿಯೇ ಜಾಸ್ತಿ ಇರುವ ಮನೆ. ಒಳಗೆ ಹೋಗಲಾರದ ದೊಡ್ಡ ಅಣುಗಳಿಗೂ ಜಗಲಿಯಲ್ಲಿ ಜಾಗ ಸಿಗುತ್ತದೆ. ಆದರೆ ಈ ಜಗಲಿಯಿಂದಲೇ ತೊಂದರೆಯೂ ಬರುತ್ತದೆ. ಹೊರಮೈ ಜಾಸ್ತಿ ಇದ್ದಷ್ಟೂ ಕಣಗಳು ಒಂದಕ್ಕೊಂದು ಅಂಟಿಕೊಳ್ಳಲು ಹಾತೊರೆಯುತ್ತವೆ, ಬಿಸಿಗೆ ಬೇಗ ಕುಸಿಯುತ್ತವೆ.

ತುಪ್ಪದ ಪಾಠ

ದೊಡ್ಡ ಹರಳನ್ನು ಅರೆದು ನ್ಯಾನೊ ಮಾಡಬಹುದಲ್ವಾ? ಮಾಡಬಹುದು. ಆದರೆ ಅರೆಯುವ ಏಟಿಗೆ ಚೌಕಟ್ಟೇ ಜಜ್ಜಿಹೋಗುತ್ತದೆ. ಹಾಗಾಗಿ ಬುಡದಿಂದಲೇ ಸಣ್ಣದಾಗಿ ಬೆಳೆಸಬೇಕು.

ಬೆಣ್ಣೆ ಕಾಯಿಸಿದ ತುಪ್ಪವನ್ನು ಅಡುಗೆಮನೆ ಮೂಲೆಯಲ್ಲಿ ನಿಧಾನಕ್ಕೆ ಆರಲು ಬಿಟ್ಟರೆ ದಪ್ಪ ದಪ್ಪ ಹರಳು ಕಟ್ಟುತ್ತದೆ. ಅದೇ ತುಪ್ಪವನ್ನು ಬಿಸಿ ಇರುವಾಗಲೇ ಫ್ರಿಜ್ಜಿನಲ್ಲಿಟ್ಟರೆ ನುಣ್ಣಗೆ ಮುಲಾಮಿನಂತೆ ಗಟ್ಟಿಯಾಗುತ್ತದೆ. ತುಪ್ಪ ಒಂದೇ. ನಿಧಾನಕ್ಕೆ ಆರುವಾಗ ಕೆಲವೇ ಮೊಳಕೆ ಹುಟ್ಟಿ, ಇರುವ ಸಾಮಗ್ರಿಯನ್ನೆಲ್ಲ ಅವೇ ತಿಂದು ದಪ್ಪಗಾದವು. ಬೇಗ ತಣ್ಣಗಾದಾಗ ಲೆಕ್ಕವಿಲ್ಲದಷ್ಟು ಮೊಳಕೆ ಒಟ್ಟಿಗೇ ಹುಟ್ಟಿದವು, ಯಾರಿಗೂ ಹೊಟ್ಟೆ ತುಂಬ ಸಿಗಲಿಲ್ಲ. ನ್ಯಾನೊ ಜಿಯೊಲೈಟ್ ಮಾಡುವ ಎಲ್ಲ ವಿಧಾನಗಳ ಹಿಂದೆಯೂ ಇದೇ ಯೋಚನೆ. ಮೊಳಕೆ ಜಾಸ್ತಿ ಹುಟ್ಟಿಸು, ಬೆಳೆಯಲು ಬಿಡಬೇಡ.

ಕಲಿಯಲು ಒಳ್ಳೆಯ ಉದಾಹರಣೆ ಸಿಲಿಕಲೈಟ್-1. ಇದರಲ್ಲಿ ಅಲ್ಯೂಮಿನಿಯಂ ಇಲ್ಲ, ಬರೀ ಸಿಲಿಕಾನ್ ಮತ್ತು ಆಕ್ಸಿಜನ್. ಬೇಕಾದ್ದು ಮೂರೇ: ಸಿಲಿಕಾ ಕೊಡುವ ಟೆಟ್ರಾಈಥೈಲ್ ಆರ್ಥೋಸಿಲಿಕೇಟ್ ಎಂಬ ದ್ರವ, ಟೆಟ್ರಾಪ್ರೊಪೈಲ್ ಅಮೋನಿಯಂ ಹೈಡ್ರಾಕ್ಸೈಡ್, ನೀರು. ಉದ್ದದ ಹೆಸರುಗಳು, ಲ್ಯಾಬಿನಲ್ಲಿ ಯಾರೂ ಪೂರ್ತಿ ಹೇಳುವುದಿಲ್ಲ. ಟಿಇಒಎಸ್, ಟಿಪಿಎ ಅಂದರೆ ಸಾಕು.

ಟಿಪಿಎ ಏನು ಮಾಡುತ್ತೆ? ಮನೆ ಕಟ್ಟುವಾಗ ತಾರಸಿ ಹಾಕುವ ಮೊದಲು ಕೆಳಗೆ ಸೆಂಟ್ರಿಂಗ್ ಕೊಡುತ್ತಾರಲ್ಲ, ಅದೇ ಕೆಲಸ. ನಾಲ್ಕು ಕೈಗಳಿರುವ ಈ ಅಣುವಿನ ಸುತ್ತ ಸಿಲಿಕಾ ಬಂದು ಕೂರುತ್ತದೆ. ಕೊನೆಗೆ ಎರಡು ಓಣಿ ಕೂಡುವ ಜಾಗದಲ್ಲಿ ಅಣು ನಿಂತಿರುತ್ತದೆ, ನಾಲ್ಕು ಕೈಗಳು ನಾಲ್ಕು ಓಣಿಗಳತ್ತ ಚಾಚಿರುತ್ತವೆ. ಜೊತೆಗೆ ಹೈಡ್ರಾಕ್ಸೈಡ್ ಭಾಗ ದ್ರಾವಣವನ್ನು ಕ್ಷಾರವಾಗಿಸಿ ಸಿಲಿಕಾ ಕರಗಿರುವಂತೆ ನೋಡಿಕೊಳ್ಳುತ್ತದೆ.

ಟಿಇಒಎಸ್ ನೀರಿಗೆ ಬೆರೆಯುವುದಿಲ್ಲ, ಎಣ್ಣೆಯಂತೆ ಮೇಲೆ ತೇಲುತ್ತದೆ. ಸ್ವಲ್ಪ ಸ್ವಲ್ಪವೇ ಸೇರಿಸುತ್ತಾ ಜೋರಾಗಿ ಕಲಕಬೇಕು. ನಿಧಾನಕ್ಕೆ ಒಡೆದು ಎಥನಾಲ್ ಬಿಟ್ಟುಕೊಡುತ್ತದೆ. ಸಾಮಾನ್ಯವಾಗಿ ಒಂದು ರಾತ್ರಿ, ಕೆಲವೊಮ್ಮೆ ಒಂದು ದಿನ ಕಲಕಿದರೆ ಎರಡು ಪದರ ಹೋಗಿ ಗಾಜಿನಷ್ಟು ತಿಳಿಯಾದ ದ್ರಾವಣ ಆಗುತ್ತದೆ. ನೋಡಿದರೆ ಬರೀ ನೀರು. ಆದರೆ ಅದರೊಳಗೆ ಆಗಲೇ 3ರಿಂದ 5 ನ್ಯಾನೊಮೀಟರಿನ ಸಿಲಿಕಾ ಉಂಡೆಗಳು ಲೆಕ್ಕವಿಲ್ಲದಷ್ಟು ತೇಲುತ್ತಿರುತ್ತವೆ. ಇವೇ ಹರಳಾಗುತ್ತವೆಯೋ, ಕರಗಿ ಹರಳಿಗೆ ಊಟವಾಗುತ್ತವೆಯೋ ಎಂದು ವಿಜ್ಞಾನಿಗಳು ವರ್ಷಗಟ್ಟಲೆ ಜಗಳಾಡಿದರು. 2014ರಲ್ಲಿ ಲುಪುಲೆಸ್ಕು ಮತ್ತು ರೈಮರ್ ಬೆಳೆಯುತ್ತಿರುವ ಹರಳಿನ ಮೇಲ್ಮೈಯನ್ನೇ ಸೂಜಿಮೊನೆಯ ಸೂಕ್ಷ್ಮದರ್ಶಕದಲ್ಲಿ ನೋಡಿದರು. ಎರಡೂ ನಡೆಯುತ್ತಿತ್ತು. ಉಂಡೆಗಳು ಬಂದು ಅಂಟುತ್ತಿದ್ದವು, ಬಿಡಿ ಅಣುಗಳೂ ಸೇರುತ್ತಿದ್ದವು.

ಈ ದ್ರಾವಣವನ್ನು ಮುಚ್ಚಿದ ಪ್ಲಾಸ್ಟಿಕ್ ಬಾಟಲಿಯಲ್ಲಿ 80ರಿಂದ 100 ಡಿಗ್ರಿಯಲ್ಲಿ ಇಡಬೇಕು. ಅದಕ್ಕಿಂತ ಬಿಸಿ ಬೇಕಾದರೆ ಒಳಗೆ ಟೆಫ್ಲಾನ್ ಡಬ್ಬಿ ಇರುವ ಉಕ್ಕಿನ ಆಟೋಕ್ಲೇವ್ ಬೇಕು. ಸೀಟಿ ಇಲ್ಲದ ಕುಕ್ಕರ್ ಅಂದುಕೊಳ್ಳಿ, ಅದಕ್ಕೇ ಅದನ್ನು ತುಂಬ ತುಂಬಿಸಬಾರದು. ಇಲ್ಲೊಂದು ತಮಾಷೆ ಇದೆ. ಬಿಸಿ ಜಾಸ್ತಿ ಮಾಡಿದರೆ ಕೆಲಸ ಬೇಗ ಮುಗಿಯುತ್ತದೆ, ಆದರೆ ಹರಳು ದಪ್ಪಗಾಗುತ್ತದೆ. ಮೊಳಕೆ ಹುಟ್ಟುವುದಕ್ಕಿಂತ ಬೆಳವಣಿಗೆಗೇ ಬಿಸಿ ಜಾಸ್ತಿ ಕುಮ್ಮಕ್ಕು ಕೊಡುತ್ತದೆ. ಪುಟ್ಟ ಹರಳು ಬೇಕಿದ್ದರೆ ಕಡಿಮೆ ಬಿಸಿ, ಜಾಸ್ತಿ ತಾಳ್ಮೆ. ಒಂದೆರಡು ದಿನ ಕಳೆದ ಮೇಲೆ ತಿಳಿನೀರು ಮಬ್ಬಾಗಿ, ಬೆಳಕಿಗೆ ಹಿಡಿದರೆ ತೆಳು ನೀಲಿ ಬಣ್ಣ ಕಾಣುತ್ತದೆ. ನೀರು ಬೆರೆಸಿದ ಹಾಲಿನ ಆ ನೀಲಿ. ಆ ಬಣ್ಣ ಕಂಡರೆ ಖುಷಿ, ಕಣಗಳು ಇನ್ನೂ ಬೆಳಕಿನ ಅಲೆಗಿಂತ ಸಣ್ಣವಿವೆ ಎಂದರ್ಥ. ಅಚ್ಚ ಬಿಳಿಯಾಗಿ ತಳಕ್ಕೆ ಕೂತರೆ, ಅಲ್ಲಿಗೆ ಮುಗಿಯಿತು.

ಸೋಡಿಯಂ ಇದ್ದರೆ ಕಣಗಳು ಒಂದನ್ನೊಂದು ದೂಡುವ ಶಕ್ತಿ ಕಳೆದುಕೊಂಡು ಗಂಟು ಕಟ್ಟುತ್ತವೆ. ಅದಕ್ಕೇ ಈ ಪಾಕದಲ್ಲಿ ಸೋಡಿಯಂ ಆದಷ್ಟೂ ಕಡಿಮೆ. ಇನ್ನೊಂದು ದಾರಿ ಹೆಪ್ಪು ಹಾಕುವುದು. ಮೊದಲೇ ಮಾಡಿಟ್ಟ ಪುಟ್ಟ ಹರಳುಗಳನ್ನು ಸ್ವಲ್ಪ ಸೇರಿಸಿದರೆ ಮೊಳಕೆಗೆ ಕಾಯುವ ಸಮಯ ಉಳಿಯುತ್ತದೆ. ಎಷ್ಟು ಹೆಪ್ಪು ಹಾಕಿದಿರಿ ಎನ್ನುವುದರ ಮೇಲೆ ಕೊನೆಯ ಗಾತ್ರವೂ ನಿಲ್ಲುತ್ತದೆ.

ಟಿಪಿಎ ಥರದ ಅಣುಗಳು ದುಬಾರಿ. ಅವು ಇಲ್ಲದೆಯೂ ಆಗುತ್ತದೆಯೇ? ಆಗುತ್ತದೆ. 2012ರಲ್ಲಿ ಮಿಂಟೊವಾ, ವಾಲ್ಚೆವ್ ಮತ್ತವರ ಸಂಗಡಿಗರು ಇಎಂಟಿ ಎಂಬ ಜಿಯೊಲೈಟ್‌ನ 6ರಿಂದ 15 ನ್ಯಾನೊಮೀಟರ್ ಹರಳುಗಳನ್ನು ಯಾವ ಸೆಂಟ್ರಿಂಗ್ ಅಣುವೂ ಇಲ್ಲದೆ ಮಾಡಿದರು. ಸೋಡಿಯಂ ಬೇಕಾದಷ್ಟಿತ್ತು. ಬಿಸಿ ಎಷ್ಟು ಗೊತ್ತಾ? 30 ಡಿಗ್ರಿ, ನಮ್ಮ ಬೇಸಿಗೆಯ ನೆರಳಿನಷ್ಟು. ಇದಕ್ಕೂ ಮೊದಲು 1999ರಲ್ಲಿ ಮಿಂಟೊವಾ ಅವರ ತಂಡ ಕೋಣೆಯ ಉಷ್ಣತೆಯಲ್ಲೇ ಎ ಜಿಯೊಲೈಟ್ ಬೆಳೆಸಿ, ಏನಾಗುತ್ತದೆ ಎಂದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಹಂತ ಹಂತವಾಗಿ ನೋಡಿತ್ತು. ಬೆರೆಸಿದ ಐದು ನಿಮಿಷದಲ್ಲೇ 40ರಿಂದ 80 ನ್ಯಾನೊಮೀಟರಿನ ಲೋಳೆ ಉಂಡೆಗಳಾದವು. ಮೂರು ದಿನದೊಳಗೆ ಒಂದೊಂದು ಉಂಡೆಯೊಳಗೆ ಪುಟ್ಟ ಹರಳು ಹುಟ್ಟಿತ್ತು. ಆಮೇಲೆ ಆ ಹರಳು ತನ್ನ ಸುತ್ತಲಿನ ಲೋಳೆಯನ್ನೇ ತಿಂದು, ಉಂಡೆಯಷ್ಟೇ ದೊಡ್ಡದಾಗಿ ನಿಂತಿತು. ಮೊಟ್ಟೆಯೊಳಗಿನ ಮರಿಯ ಹಾಗೆ.

ತೊಳೆ, ಒಣಗಿಸು, ಸುಡು

ಮಾಡುವಾಗ ಕೆಡದ ಕಣಗಳು ತೊಳೆದು ಒಣಗಿಸುವಾಗ ಕೆಡುತ್ತವೆ. ಇಷ್ಟು ಸಣ್ಣ ಕಣಗಳು ಸೋಸುವ ಕಾಗದದಲ್ಲಿ ನಿಲ್ಲುವುದಿಲ್ಲ. ಅತಿ ವೇಗದ ಸೆಂಟ್ರಿಫ್ಯೂಜ್‌ನಲ್ಲಿ ತಿರುಗಿಸಿ ತಳಕ್ಕಿಳಿಸಿ, ನೀರು ಚೆಲ್ಲಿ, ಹೊಸ ನೀರು ಹಾಕಿ, ಅಲ್ಟ್ರಾಸೌಂಡ್‌ನಲ್ಲಿ ಬಿಡಿಸಿ, ಮತ್ತೆ ತಿರುಗಿಸಬೇಕು. ಪಿಎಚ್ 8ರ ಹತ್ತಿರ ಬರುವವರೆಗೆ ಇದೇ ಕೆಲಸ.

ಮೊದಲ ಸಲ ನಾನು ಹೀಗೆ ತೊಳೆದ ಮುದ್ದೆಯನ್ನು ಸುಮ್ನೆ ಓವನ್‌ನಲ್ಲಿಟ್ಟು ಮನೆಗೆ ಹೋಗಿದ್ದೆ. ಬೆಳಗ್ಗೆ ಬಂದು ನೋಡಿದರೆ ಗಾಜಿನ ಚೂರಿನಂಥ ಗಟ್ಟಿ ಚಕ್ಕೆಗಳು. ನೀರು ಆರುವಾಗ ಕಣಗಳನ್ನು ಹತ್ತಿರ ಎಳೆದುಕೊಂಡಿತ್ತು, ಮೈಮೇಲಿನ ಹೈಡ್ರಾಕ್ಸಿಲ್‌ಗಳು, ಅಂದರೆ ಆಕ್ಸಿಜನ್-ಹೈಡ್ರೋಜನ್ ಜೋಡಿಗಳು, ಕೈ ಹಿಡಿದುಕೊಂಡಿದ್ದವು. ಮತ್ತೆ ಬಿಡಿಸಲು ಆಗಲೇ ಇಲ್ಲ. ಅದಕ್ಕೇ ಹೆಪ್ಪುಗಟ್ಟಿಸಿ, ನಿರ್ವಾತದಲ್ಲಿ ಮಂಜನ್ನೇ ನೇರವಾಗಿ ಆವಿಯಾಗಿಸಿ ಒಣಗಿಸುವುದು ಒಳ್ಳೆಯದು.

ಕೊನೆಗೆ ಸೆಂಟ್ರಿಂಗ್ ಬಿಚ್ಚುವ ಕೆಲಸ. 550 ಡಿಗ್ರಿಯ ಗಾಳಿಯಲ್ಲಿ ಕೆಲವು ಗಂಟೆ ಸುಟ್ಟರೆ ಟಿಪಿಎ ಉರಿದುಹೋಗಿ ಓಣಿ ತೆರೆದುಕೊಳ್ಳುತ್ತದೆ. ಬಿಸಿಯನ್ನು ನಿಧಾನಕ್ಕೆ, ನಿಮಿಷಕ್ಕೆ ಒಂದು ಡಿಗ್ರಿಯಂತೆ ಏರಿಸುವುದು ವಾಸಿ. ಎಷ್ಟೇ ಹುಷಾರಾಗಿದ್ದರೂ ಕೆಲವು ಕಣಗಳು ಇಲ್ಲಿ ಶಾಶ್ವತವಾಗಿ ಬೆಸೆದುಕೊಳ್ಳುತ್ತವೆ.

ಯಾರ ಕಣ್ಣಿಗೆ ಏನು ಕಾಣುತ್ತೆ

ಈಗ ಕೈಯಲ್ಲಿ ಒಂದು ಬಿಳಿ ಪುಡಿ ಇದೆ. ಮೈದಾಹಿಟ್ಟಿಗೂ ಅದಕ್ಕೂ ಕಣ್ಣಿಗೆ ವ್ಯತ್ಯಾಸವಿಲ್ಲ. ಮೊದಲು ಹೋಗುವುದು ಎಕ್ಸ್-ರೇ ಯಂತ್ರಕ್ಕೆ. ಹರಳಿನ ಪದರಗಳಿಗೆ ಬಡಿದ ಎಕ್ಸ್-ರೇ ಕೆಲವೇ ಕೋನಗಳಲ್ಲಿ ಜೋರಾಗಿ ವಾಪಸು ಬರುತ್ತದೆ. ಆ ಕೋನಗಳ ಪಟ್ಟಿಯೇ ಹರಳಿನ ಬೆರಳಚ್ಚು. ತಾಮ್ರದ ಎಕ್ಸ್-ರೇ ಬಳಸಿದರೆ ಸಿಲಿಕಲೈಟ್-1 ಸುಮಾರು 7.9 ಮತ್ತು 8.8 ಡಿಗ್ರಿಯಲ್ಲಿ ಎರಡು ಶಿಖರ, 23ರಿಂದ 24.5ರ ನಡುವೆ ಒಂದು ಗುಂಪು ತೋರಿಸುತ್ತದೆ. ಇವು ಇಲ್ಲದೆ 20ರಿಂದ 30ರ ನಡುವೆ ಎಮ್ಮೆ ಬೆನ್ನಿನಂಥ ಗುಡ್ಡ ಮಾತ್ರ ಬಂದರೆ ನಿಮ್ಮದು ಹರಳಲ್ಲ, ಬರೀ ಸಿಲಿಕಾ.

ಶಿಖರ ಎಲ್ಲಿದೆ ಎಂಬುದರಷ್ಟೇ ಅದು ಎಷ್ಟು ಅಗಲ ಇದೆ ಎಂಬುದೂ ಮುಖ್ಯ. ಸಾವಿರ ಪದರ ಇರುವ ಹರಳಿನಲ್ಲಿ ಕೋನ ಒಂಚೂರು ತಪ್ಪಿದರೂ ಅಲೆಗಳು ಒಂದನ್ನೊಂದು ಅಳಿಸಿಹಾಕುತ್ತವೆ, ಹಾಗಾಗಿ ಶಿಖರ ಸೂಜಿಯಂತೆ ಚೂಪು. ಹತ್ತೇ ಪದರ ಇದ್ದರೆ ಪೂರ್ತಿ ಅಳಿಸುವಷ್ಟು ಅಲೆಗಳಿಲ್ಲ, ಶಿಖರ ಅಗಲವಾಗಿ ಹರಡುತ್ತದೆ. ಶೆರರ್ ಸೂತ್ರ ಈ ಅಗಲವನ್ನು ಗಾತ್ರವಾಗಿ ಬದಲಿಸುತ್ತದೆ: 0.9ನ್ನು ಎಕ್ಸ್-ರೇ ಅಲೆಯ ಉದ್ದದಿಂದ ಗುಣಿಸಿ, ಅಗಲದಿಂದಲೂ ಶಿಖರದ ಕೋನದ ಅರ್ಧದ ಕೊಸೈನ್‌ನಿಂದಲೂ ಭಾಗಿಸಿ. ಅಲೆಯ ಉದ್ದ 0.154 ನ್ಯಾನೊಮೀಟರ್. 23.1 ಡಿಗ್ರಿಯ ಶಿಖರದ ಅಗಲ 0.4 ಡಿಗ್ರಿ ಇದ್ದರೆ ಹರಳು ಸುಮಾರು 20 ನ್ಯಾನೊಮೀಟರ್. ಅಗಲ 0.1 ಡಿಗ್ರಿಯಾದರೆ 80. ಎರಡು ಎಚ್ಚರಿಕೆ: ಅಗಲವನ್ನು ರೇಡಿಯನ್‌ಗೆ ಬದಲಿಸಲು ಮರೆಯಬಾರದು, ಯಂತ್ರದ್ದೇ ಆದ ಅಗಲವನ್ನು ಮೊದಲು ಕಳೆಯಬೇಕು. ಹರಳು 100 ನ್ಯಾನೊಮೀಟರ್ ದಾಟಿದರೆ ಈ ಸೂತ್ರವನ್ನು ಅಷ್ಟಾಗಿ ನಂಬಬೇಡಿ.

ಮುಂದಿನದು ಡಿಎಲ್‌ಎಸ್, ಅಂದರೆ ಬೆಳಕು ಚೆದುರಿಸಿ ಅಳೆಯುವುದು. ನೀರಿನಲ್ಲಿ ತೇಲುವ ಕಣಗಳ ಮೇಲೆ ಲೇಸರ್ ಬಿಟ್ಟು, ಚೆದುರಿದ ಬೆಳಕು ಎಷ್ಟು ಬೇಗ ಮಿನುಗುತ್ತದೆ ಎಂದು ನೋಡುತ್ತಾರೆ. ಸಣ್ಣ ಕಣ ಚುರುಕಾಗಿ ಓಡಾಡುತ್ತದೆ, ದೊಡ್ಡದು ಸೋಮಾರಿ. ಎರಡು ನಿಮಿಷದಲ್ಲಿ ಉತ್ತರ ಬರುತ್ತದೆ, ಅದಕ್ಕೇ ಎಲ್ಲರಿಗೂ ಪ್ರೀತಿ. ಆದರೆ ಇದರ ಒಳಗುಟ್ಟು ತಿಳಿದಿರಬೇಕು. ಚೆದುರುವ ಬೆಳಕು ವ್ಯಾಸದ ಆರನೇ ಘಾತಕ್ಕೆ ತಕ್ಕಂತೆ ಏರುತ್ತದೆ. 200 ನ್ಯಾನೊಮೀಟರಿನ ಒಂದೇ ಒಂದು ಕಣ, 20 ನ್ಯಾನೊಮೀಟರಿನ ಹತ್ತು ಲಕ್ಷ ಕಣಗಳಷ್ಟು ಬೆಳಕು ಚೆದುರಿಸುತ್ತದೆ. ಸಂತೆಯಲ್ಲಿ ಒಂದು ಲೌಡ್‌ಸ್ಪೀಕರ್ ಇದ್ದರೆ ಉಳಿದವರ ಮಾತು ಕೇಳಿಸುತ್ತಾ? ಧೂಳಿನ ಒಂದು ಕಣ ಬಿದ್ದರೂ ಲೆಕ್ಕ ತಲೆಕೆಳಗು.

ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ನೇರವಾಗಿ ಚಿತ್ರವನ್ನೇ ಕೊಡುತ್ತದೆ. ಓಣಿಗಳ ಗೆರೆಗೆರೆಯೂ ಕಾಣುತ್ತದೆ. ಆದರೆ ಜಿಯೊಲೈಟ್‌ಗೆ ಎಲೆಕ್ಟ್ರಾನ್ ಏಟು ತಡೆಯುವ ಶಕ್ತಿ ಕಡಿಮೆ, ನೋಡನೋಡುತ್ತಿದ್ದಂತೆ ಗೆರೆಗಳು ಕರಗಿಹೋಗುತ್ತವೆ. ಜೊತೆಗೆ ಚೆನ್ನಾಗಿರುವ ಜಾಗದ ಫೋಟೊ ತೆಗೆಯುವ ಚಪಲ ಎಲ್ಲರಿಗೂ ಇದ್ದದ್ದೇ. ಕನಿಷ್ಠ ಇನ್ನೂರು ಕಣ ಎಣಿಸದೆ ಸರಾಸರಿ ಹೇಳಬಾರದು ಎಂದು ನನ್ನ ಅನಿಸಿಕೆ.

ಓಣಿ ನಿಜಕ್ಕೂ ತೆರೆದಿದೆಯೇ ಎಂದು ಹೇಳುವುದು ಸಾರಜನಕ. ಪುಡಿಯನ್ನು ಬಿಸಿ ಮಾಡಿ, ನಿರ್ವಾತದಲ್ಲಿ ಖಾಲಿ ಮಾಡಿ, ಮೈನಸ್ 196 ಡಿಗ್ರಿಯಲ್ಲಿ ಸ್ವಲ್ಪ ಸ್ವಲ್ಪ ಸಾರಜನಕ ಕೊಡುತ್ತಾರೆ. ಶುರುವಿನಲ್ಲೇ ಗಬಗಬನೆ ಕುಡಿದರೆ ಓಣಿಗಳು ತೆರೆದಿವೆ. ಕೊನೆಯಲ್ಲಿ, ಒತ್ತಡ ತುಂಬಾ ಏರಿದಾಗ ಮತ್ತೊಮ್ಮೆ ಜೋರಾಗಿ ಕುಡಿದರೆ ಅದು ಕಣ ಕಣಗಳ ನಡುವಿನ ಸಂದಿ. ನ್ಯಾನೊ ಪುಡಿಯಲ್ಲಿ ಈ ಎರಡನೆಯ ಏರು ಎದ್ದು ಕಾಣುತ್ತದೆ. ಒಳ್ಳೆಯ ವೈ ಜಿಯೊಲೈಟ್ ಒಂದು ಗ್ರಾಂಗೆ 700 ಚದರ ಮೀಟರ್‌ನಷ್ಟು ಮೇಲ್ಮೈ ತೋರಿಸುತ್ತದೆ, ಎಂಟಕ್ಕೂ ಜಾಸ್ತಿ ಬ್ಯಾಡ್ಮಿಂಟನ್ ಅಂಕಣಗಳಷ್ಟು. ಇದರಲ್ಲಿ ಬಹುಪಾಲು ಒಳಗಿನದು. ಹೊರಮೈಯನ್ನು ಬೇರೆ ಮಾಡಿ ತೆಗೆಯುವ ಲೆಕ್ಕಕ್ಕೆ ಟಿ-ಪ್ಲಾಟ್ ಅನ್ನುತ್ತಾರೆ.

ಉಳಿದವು ಚುಟುಕಾಗಿ. ಅಲ್ಯೂಮಿನಿಯಂ ಇರುವ ಜಿಯೊಲೈಟ್‌ಗಳಲ್ಲಿ ಎನ್‌ಎಂಆರ್ (ಕಾಂತಕ್ಷೇತ್ರದಲ್ಲಿ ಪರಮಾಣುಗಳ ಸಂಕೇತ ಕೇಳುವ ವಿಧಾನ) ಮಾಡಿದರೆ 55–60 ಪಿಪಿಎಂ ಹತ್ತಿರದ ಸಂಕೇತ ಚೌಕಟ್ಟಿನೊಳಗಿನ ಅಲ್ಯೂಮಿನಿಯಂನದು, ಸೊನ್ನೆಯ ಹತ್ತಿರದ್ದು ಚೌಕಟ್ಟಿನಿಂದ ಹೊರಬಿದ್ದದ್ದು. ಇನ್‌ಫ್ರಾರೆಡ್ ಬೆಳಕಿನಲ್ಲಿ ನೋಡಿದರೆ ಸೆಂಟಿಮೀಟರಿಗೆ 3745 ಅಲೆಗಳ ಹತ್ತಿರದ ಗೆರೆ ಹೊರಮೈಯ ಹೈಡ್ರಾಕ್ಸಿಲ್‌ನದು, ಕಣ ಸಣ್ಣದಾದಷ್ಟೂ ಅದು ಜೋರು. ತೂಕ ನೋಡುತ್ತಾ ಕಾಯಿಸಿದರೆ ಟಿಪಿಎ ಎಷ್ಟಿತ್ತು, ಪೂರ್ತಿ ಹೋಯಿತೇ ಎಂದು ಗೊತ್ತಾಗುತ್ತದೆ.

ಒಂದೇ ಬಾಟಲಿ, ಮೂರು ಉತ್ತರ

ಒಂದು ಉದಾಹರಣೆ ಹಿಡಿಯೋಣ. ಸಿಲಿಕಲೈಟ್-1 ಮಾಡಿದಿರಿ, ಸುಟ್ಟಿರಿ, ನೀರಿಗೆ ಹಾಕಿದಿರಿ. ಎಕ್ಸ್-ರೇ 22 ನ್ಯಾನೊಮೀಟರ್ ಅಂತು, ಸೂಕ್ಷ್ಮದರ್ಶಕ 55, ಡಿಎಲ್‌ಎಸ್ 140. ಯಾರು ಸುಳ್ಳು ಹೇಳುತ್ತಿದ್ದಾರೆ?

ಯಾರೂ ಇಲ್ಲ. ಎಕ್ಸ್-ರೇಗೆ ಕಾಣುವುದು ಪದರಗಳು ಎಲ್ಲಿಯವರೆಗೆ ಸಾಲು ತಪ್ಪದೆ ನಡೆದಿವೆ ಎನ್ನುವುದು. ಸೂಕ್ಷ್ಮದರ್ಶಕಕ್ಕೆ ಕಾಣುವುದು ಕಣದ ಅಂಚು. ಅಂದರೆ ಒಂದೊಂದು ಕಣವೂ ಕೆಲವು ಪುಟ್ಟ ಹರಳುಗಳು ಸೇರಿ ಆದ ಉಂಡೆ. ಡಿಎಲ್‌ಎಸ್‌ಗೆ ಕಾಣುವುದು ನೀರಿನಲ್ಲಿ ಒಟ್ಟಿಗೆ ಓಡಾಡುವ ಗುಂಪು. ಆ ಗುಂಪು ಬರೀ ಅಂಟಿಕೊಂಡದ್ದೋ, ಸುಡುವಾಗ ಬೆಸೆದುಹೋದದ್ದೋ? ಅಲ್ಟ್ರಾಸೌಂಡ್‌ನಲ್ಲಿ ಚೆನ್ನಾಗಿ ಬಿಡಿಸಿ, ತೆಳು ಮಾಡಿ ಮತ್ತೆ ಅಳೆಯಿರಿ. 70ಕ್ಕೆ ಇಳಿದರೆ ಅಂಟಿಕೊಂಡದ್ದು. 140ರಲ್ಲೇ ನಿಂತರೆ ಬೆಸೆದದ್ದು. ಆಗ ಸುಡುವ ಮೊದಲು ತೆಗೆದಿಟ್ಟ ಮಾದರಿಯನ್ನೂ ಅಳೆದು ಹೋಲಿಸಬೇಕು.

ಟಿ-ಪ್ಲಾಟ್ ಇಲ್ಲಿ ಸಾಕ್ಷಿ ಹೇಳುತ್ತದೆ. ಸಿಲಿಕಲೈಟ್‌ನ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.8 ಗ್ರಾಂ. 55 ನ್ಯಾನೊಮೀಟರ್ ಗುಂಡುಗಳಾಗಿದ್ದರೆ ಹೊರಮೈ ಗ್ರಾಂಗೆ 60 ಚದರ ಮೀಟರ್ ಆಸುಪಾಸು ಬರಬೇಕು, ಪೂರ್ತಿ ಬೆಸೆದು 140 ಆಗಿದ್ದರೆ 24ರ ಹತ್ತಿರ. ನಿಮ್ಮ ಪುಡಿ 45 ತೋರಿಸಿತು ಅನ್ನಿ. ಹಾಗಾದರೆ ಸ್ವಲ್ಪ ಬೆಸೆದಿದೆ, ಆದರೆ ಅನಿಲಕ್ಕೆ ಸಂದಿಗಳಲ್ಲಿ ಇನ್ನೂ ದಾರಿ ಇದೆ. ಬಾಟಲಿಯ ಚೀಟಿಯ ಮೇಲೆ ನಾನಾದರೆ 22, 55, 140 ಮೂರನ್ನೂ ಬರೆಯುತ್ತೇನೆ. ಯಾವುದು ಯಾವ ಯಂತ್ರದ್ದು, ಅಳೆದದ್ದು ಸುಡುವ ಮೊದಲೋ ಆಮೇಲೋ ಎಂಬುದರ ಜೊತೆಗೆ.